ಹಗ್ಗಕ್ಕೆ ಒಂದಿಂಚು ದಾರಿ

ಸೇತುವೆಯ ನಟ್ಟನಡುವೆ ಒಂದು ಸೀಳು. ಹೆಬ್ಬೆರಳು ಸಲೀಸಾಗಿ ಇಳಿಯುತ್ತದೆ. ಎರಡು ಬೆರಳು ಜೋಡಿಸಿದರೆ ಸಿಕ್ಕಿಕೊಳ್ಳುತ್ತದೆ. ಬಗ್ಗಿ ನೋಡಿದರೆ ಕೆಳಗೆ ಚಹಾದ ಬಣ್ಣದ ನೀರು, ಅದರ ಮೇಲೆ ಒಂದೆರಡು ಎಲೆ. ಬಿರುಕು ಬಿಟ್ಟಿದೆ ಎಂದುಕೊಂಡು ಮೊದಲು ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಆಮೇಲೆ ನೋಡಿದರೆ ಕಟಕಟೆಯೂ ಅಲ್ಲೇ ತುಂಡಾಗಿದೆ, ಎರಡೂ ಬದಿಯಲ್ಲಿ, ಗೆರೆ ಎಳೆದ ಹಾಗೆ. ಬಿರುಕು ಹೀಗೆ ಅಳತೆಗೋಲು ಹಿಡಿದುಕೊಂಡು ಬರುವುದಿಲ್ಲ. ಯಾರೋ ಬೇಕೆಂದೇ ಬಿಟ್ಟದ್ದು.

ನಾಯಿ ಹಿಡಿದುಕೊಂಡು ಬರುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ನನ್ನ ಬಗ್ಗಿದ ಬೆನ್ನು ನೋಡಿ ನಿಂತರು. ಈ ಜಾಗದಲ್ಲಿ ಇಂಥ ಬೆನ್ನುಗಳನ್ನು ಅವರು ಬಹಳ ಕಂಡಿರಬೇಕು. ಕೇಳುವ ಮೊದಲೇ ಉತ್ತರ ಕೊಟ್ಟರು: ‘ಹಗ್ಗಕ್ಕೆ.’ ಅಷ್ಟು ಹೇಳಿ ನಾಯಿಯ ಹಿಂದೆ ಹೊರಟೇಹೋದರು.

ಇದು ಇಂಗ್ಲೆಂಡಿನ ವಾರ್ವಿಕ್‌ಶೈರ್ ಸೀಮೆಯ ಕಿಂಗ್ಸ್‌ವುಡ್. ಬರ್ಮಿಂಗ್‌ಹ್ಯಾಮಿನಲ್ಲಿ ರೈಲು ಹತ್ತಿ ಲ್ಯಾಪ್‌ವರ್ತ್ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿದರೆ ನಡೆದು ಹೋಗುವಷ್ಟು ದೂರ. ಕೆಳಗೆ ಹರಿಯುತ್ತಿರುವುದು, ಹರಿಯುತ್ತಿದೆ ಎನ್ನುವುದಕ್ಕಿಂತ ನಿಂತಿರುವುದು, ಸ್ಟ್ರಾಟ್‌ಫರ್ಡ್ ಕಾಲುವೆ. ಶೇಕ್ಸ್‌ಪಿಯರ್ ಹುಟ್ಟಿದ ಊರಿಗೆ ಹೋಗಿ ಬರುವ ನಮ್ಮವರಿಗೆ ಕಡಿಮೆಯಿಲ್ಲ. ಅವನ ಮನೆ, ಸಮಾಧಿ, ನಾಟಕಶಾಲೆ ನೋಡಿ, ಆ ನಾಟಕಶಾಲೆಯ ಎದುರಿನ ದೋಣಿಕೊಳದ ದಂಡೆಯಲ್ಲಿ ಐಸ್‌ಕ್ರೀಮ್ ತಿಂದು ಬರುತ್ತಾರೆ. ಆ ಕೊಳಕ್ಕೆ ದೋಣಿಗಳು ಎಲ್ಲಿಂದ ಬರುತ್ತವೆ ಎಂದು ಕೇಳುವವರು ಕಡಿಮೆ. ಅವು ಬರುವುದು ಇಲ್ಲಿಂದ, ಈ ಸೀಳು ಸೇತುವೆಗಳ ಅಡಿಯಿಂದ.

ಕಾಲುವೆ ಎಂದರೆ ನಮ್ಮ ಕಣ್ಣಿಗೆ ಬರುವುದು ಗದ್ದೆಗೆ ನೀರು ಹಾಯಿಸುವ ನಾಲೆ. ಇಲ್ಲಿನದು ನೀರು ಸಾಗಿಸುವ ಕಾಲುವೆಯಲ್ಲ, ನೀರಿನ ಮೇಲೆ ಸರಕು ಸಾಗಿಸುವ ರಸ್ತೆ. ಕಲ್ಲಿದ್ದಲು, ಸುಣ್ಣ, ಧಾನ್ಯ ಎಲ್ಲವೂ ಇದರ ಮೇಲೆ ಹೋದವು. ಕೆಸರು ರಸ್ತೆಯಲ್ಲಿ ಗಾಡಿ ಕಟ್ಟಿದ ಕುದುರೆ ಒಂದೆರಡು ಟನ್ ಎಳೆಯಲು ಏದುಸಿರು ಬಿಡುತ್ತಿದ್ದ ಕಾಲ ಅದು. ಅದೇ ಕುದುರೆಗೆ ದೋಣಿಯ ಹಗ್ಗ ಕಟ್ಟಿದರೆ 25 ಟನ್ ಹೊರೆಯನ್ನು ದಿನವಿಡೀ ಎಳೆದುಕೊಂಡು ಹೋಗುತ್ತಿತ್ತು. ನಿಂತ ನೀರಿಗೆ ಉಬ್ಬಿಲ್ಲ, ತಗ್ಗಿಲ್ಲ, ಗುಂಡಿ ಇಲ್ಲ. 1761ರಲ್ಲಿ ಬ್ರಿಜ್‌ವಾಟರ್‌ನ ಡ್ಯೂಕ್ ತನ್ನ ವರ್ಸ್ಲಿ ಗಣಿಯಿಂದ ಮ್ಯಾಂಚೆಸ್ಟರಿನ ಕಡೆಗೆ ಇಂಥದೊಂದು ಕಾಲುವೆ ತೆಗೆಸಿದ. ಊರಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕೆ ಇಳಿಯಿತು. ದುಡ್ಡಿದ್ದವರಿಗೆಲ್ಲ ಕಾಲುವೆಯ ಹುಚ್ಚು ಹಿಡಿಯಲು ಅಷ್ಟು ಸಾಕಾಯಿತು.

ಡ್ಯೂಕನಿಗಾಗಿ ದುಡಿದ ಜೇಮ್ಸ್ ಬ್ರಿಂಡ್ಲಿ ಶಾಲೆಯ ಓದು ಹೆಚ್ಚಿಲ್ಲದ, ಗಿರಣಿಯ ಯಂತ್ರಗಳನ್ನು ಕಟ್ಟುವ ಕಸುಬುದಾರ. ಮುಂದೆ ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಜೋಡಿಸುವ ದೊಡ್ಡ ಕಾಲುವೆಯೂ ಅವನ ಪಾಲಿಗೇ ಬಂತು. 1766ರಲ್ಲಿ ಅದರ ಮೊದಲ ಹಿಡಿ ಮಣ್ಣು ಅಗೆದವನು ಪಿಂಗಾಣಿಯ ವ್ಯಾಪಾರಿ ಜೋಸಾಯಾ ವೆಜ್‌ವುಡ್. ಗಾಡಿಯ ಕುಲುಕಾಟದಲ್ಲಿ ಅವನ ತಟ್ಟೆ ಲೋಟಗಳು ಒಡೆಯುತ್ತಿದ್ದವು. ಅವನ ಉತ್ಸಾಹಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಆ ಕಾಲುವೆ ಹ್ಯಾರ್‌ಕಾಸಲ್ ಗುಡ್ಡವನ್ನು ಒಂದೂವರೆ ಮೈಲಿಗೂ ಹೆಚ್ಚು ದೂರ ಸುರಂಗದಲ್ಲಿ ದಾಟಬೇಕಿತ್ತು. ಸುರಂಗ ಅಗಲವಾದಷ್ಟೂ ಖರ್ಚು. ಗುಡ್ಡ ಹತ್ತಿ ಇಳಿಯಲು ಬೇಕಾದ ಲಾಕ್‌ಗಳು ಅಗಲವಾದಷ್ಟೂ ನೀರು ದಂಡ. ಬ್ರಿಂಡ್ಲಿ ಲೆಕ್ಕ ಹಾಕಿ ಏಳಡಿ ಅಗಲ, ಎಪ್ಪತ್ತೆರಡು ಅಡಿ ಉದ್ದ ಎಂದು ಲಾಕ್‌ನ ಅಳತೆ ಗೊತ್ತುಮಾಡಿದ. ಎರಡೂ ಕಡೆ ಕದವಿರುವ ನೀರಿನ ತೊಟ್ಟಿಯೇ ಲಾಕ್. ದೋಣಿ ಒಳಗೆ ಬಂದ ಮೇಲೆ ಕದ ಮುಚ್ಚಿ, ತೂಬು ಎತ್ತಿ ನೀರು ತುಂಬಿದರೆ ದೋಣಿ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಇಷ್ಟು ಇಕ್ಕಟ್ಟು ಮಾಡಿದರೂ ಒಂದು ಸಲ ತುಂಬಲು ಹತ್ತಿರ ಹತ್ತಿರ ಒಂದು ಲಕ್ಷ ಲೀಟರ್ ನೀರು ಬೇಕು.

ಆ ಏಳಡಿ ಆಮೇಲೆ ಶಾಸನವೇ ಆಗಿಹೋಯಿತು. ಇಂಗ್ಲೆಂಡಿನ ನಡುನಾಡಿನ ಕಾಲುವೆಗಳು ಹೆಚ್ಚಿನವು ಅದೇ ಅಳತೆಗೆ ಹುಟ್ಟಿದವು. ಅವುಗಳಲ್ಲಿ ಓಡುವ ದೋಣಿಯ ಹೆಸರೇ ನ್ಯಾರೋ ಬೋಟ್, ಇಕ್ಕಟ್ಟು ದೋಣಿ. ಎಪ್ಪತ್ತಡಿ ಉದ್ದ, ಆರಡಿ ಹತ್ತಿಂಚು ಅಗಲ. ದೋಣಿ ಎನ್ನುವುದಕ್ಕಿಂತ ತೇಲುವ ಓಣಿ ಎನ್ನಬಹುದು. ರೈಲು ಬಂದು ಬಾಡಿಗೆ ಇಳಿದ ಮೇಲೆ ದಡದ ಮನೆ ಬಿಟ್ಟು ಸಂಸಾರಗಳೇ ಇದರಲ್ಲಿ ಬಂದು ಕೂತವು. ಹಿಂಭಾಗದ ಹತ್ತಡಿ ಗೂಡಿನಲ್ಲಿ ಒಲೆ, ಮಡಚುವ ಮಂಚ, ಗಂಡ, ಹೆಂಡತಿ, ಮಕ್ಕಳು. ಉಳಿದ ಜಾಗವೆಲ್ಲ ಕಲ್ಲಿದ್ದಲಿಗೆ. ಕುದುರೆ ನಡೆಸುವ ಕೆಲಸ ಎಷ್ಟೋ ಸಲ ಮಕ್ಕಳದು.

ಇನ್ನು ಸೇತುವೆಗೆ ಬರೋಣ. ಕಾಲುವೆ ಕಂಪನಿ ಹೊಲಗಳ ನಡುವೆ ಮಣ್ಣು ಕೊಯ್ದುಕೊಂಡು ಬಂದಾಗ ರೈತನ ಅರ್ಧ ಹೊಲ ಈಚೆ, ಅರ್ಧ ಆಚೆ. ದನ ಮೇಯುವುದು ಆ ದಡದಲ್ಲಿ, ಕೊಟ್ಟಿಗೆ ಈ ದಡದಲ್ಲಿ. ಹೀಗೆ ತುಂಡು ಮಾಡಿದ ಕಡೆಯೆಲ್ಲ ಕಂಪನಿಯೇ ಸೇತುವೆ ಕಟ್ಟಿಕೊಡಬೇಕು. ಅದಕ್ಕೇ ಈ ಕಾಲುವೆಗಳ ಮೇಲೆ ಎಣಿಸಲಾರದಷ್ಟು ಸೇತುವೆಗಳು. ಎಣಿಸಲಾರದಷ್ಟು ಎಂದೆ, ಎಣಿಸಿದ್ದಾರೆ: ಒಂದೊಂದಕ್ಕೂ ನಂಬರಿನ ತಗಡು ಬಡಿದಿದ್ದಾರೆ. ದೋಣಿಯವರು ಊರಿನ ಹೆಸರು ಹೇಳುವುದಕ್ಕಿಂತ ‘ಮೂವತ್ತೊಂಬತ್ತರ ಹತ್ತಿರ ಇದ್ದೇವೆ’ ಎನ್ನುವುದೇ ಹೆಚ್ಚು. ಆಮೇಲೆ ನಡುವೆ ಹೊಸದು ಬಂದರೆ ನಂಬರಿಗೊಂದು ‘ಎ’ ಅಂಟಿಸುತ್ತಾರೆ, ನಮ್ಮ ಬಡಾವಣೆಗಳ ಮನೆ ನಂಬರಿನ ಹಾಗೆಯೇ.

ಇಷ್ಟು ಸೇತುವೆ ಕಟ್ಟಬೇಕಾದ ಕಂಪನಿಗೆ ಒಂದೊಂದರಲ್ಲೂ ಇಟ್ಟಿಗೆ ಉಳಿಸುವ ಯೋಚನೆ. ಸೇತುವೆಯ ಅಡಿಯಲ್ಲಿ ಕಾಲುವೆಯನ್ನು ದೋಣಿಯ ಅಗಲಕ್ಕೆ ಹಿಸುಕಿಬಿಟ್ಟರೆ ಕಮಾನು ಚಿಕ್ಕದಾಗುತ್ತದೆ. ಆದರೆ ದಡದ ಮೇಲೆ ಕುದುರೆ ನಡೆಯುವ ದಾರಿಯೂ ಇದೆಯಲ್ಲ? ಅದನ್ನೂ ಕಮಾನಿನ ಅಡಿಗೆ ತಂದರೆ ಸೇತುವೆ ಮತ್ತೆ ಐದಾರು ಅಡಿ ಹಿಗ್ಗಬೇಕು. ತರದಿದ್ದರೆ ಕುದುರೆ ಸೇತುವೆಯ ತಲೆಯನ್ನು ಸುತ್ತಿ ಆಚೆ ಹೋಗಬೇಕು, ದೋಣಿ ಅಡಿಯಲ್ಲಿ ನುಸುಳಬೇಕು, ಎರಡನ್ನೂ ಕಟ್ಟಿದ ಹಗ್ಗ ಸೇತುವೆಗೆ ಸಿಕ್ಕಿಹಾಕಿಕೊಳ್ಳಬೇಕು. ಹಗ್ಗ ಬಿಚ್ಚಿ, ಆಚೆ ಹೋಗಿ ಮತ್ತೆ ಕಟ್ಟಬಹುದು. ಒಂದು ಸೇತುವೆಯಾದರೆ ಸರಿ. ದಿನಕ್ಕೆ ನಲವತ್ತು ಸೇತುವೆ ದಾಟುವವನು ನಲವತ್ತು ಸಲ ಬಿಚ್ಚಿ ಕಟ್ಟುತ್ತ ಕೂರಬೇಕು. ಅದೂ ಎಂಥ ಜಾಗದಲ್ಲಿ! ಈ ಕಾಲುವೆಯಲ್ಲಿ ಎಷ್ಟೋ ಸೇತುವೆಗಳು ಇರುವುದು ಲಾಕ್‌ನ ಕೆಳಗದದ ಪಕ್ಕದಲ್ಲೇ. ಲಾಕ್‌ನಿಂದ ಹೊರಡುವ ದೋಣಿ ನಿಂತಲ್ಲಿಂದ ಕದಲಬೇಕು. 25 ಟನ್ ಭಾರ ಕದಲಿಸಲು ಕುದುರೆ ಮೈಬಗ್ಗಿಸಿ ಎಳೆಯುವ ಹೊತ್ತಿನಲ್ಲೇ ಹಗ್ಗ ಬಿಚ್ಚು ಎಂದರೆ ಹೇಗೆ?

ಸ್ಟ್ರಾಟ್‌ಫರ್ಡ್ ಕಾಲುವೆಯವರು ಕಂಡುಕೊಂಡ ಉಪಾಯವೇ ಸೀಳು. ಎರಡೂ ದಡದಲ್ಲಿ ಇಟ್ಟಿಗೆಯ ಗಟ್ಟಿ ಕಟ್ಟೆ. ಒಂದೊಂದು ಕಟ್ಟೆಯಿಂದಲೂ ಬೀಡುಕಬ್ಬಿಣದ ಅರ್ಧ ಸೇತುವೆ, ಗೋಡೆಗೆ ಹೊಡೆದ ಹಲಗೆಯ ಹಾಗೆ, ನೀರಿನ ಮೇಲೆ ಕೈಚಾಚಿ ನಿಲ್ಲುತ್ತದೆ. ಎರಡು ಕೈಗಳು ನಡುವೆ ಭೇಟಿಯಾಗುವುದಿಲ್ಲ, ಒಂದಿಂಚು ಬಿಟ್ಟು ನಿಲ್ಲುತ್ತವೆ. ಕುದುರೆ ಸೇತುವೆಯ ತಲೆಯನ್ನು ಸುತ್ತಿ ಆಚೆ ಹೋದಾಗ ಹಗ್ಗ ಸೇತುವೆಯ ಮೇಲೆ ಅಡ್ಡ ಬೀಳುತ್ತದೆ. ಅದನ್ನು ಕಟಕಟೆಯ ಮೇಲೆ ಜಾರಿಸಿಕೊಂಡು ನಡುವಿನತನಕ ತಂದು ಸೀಳಿನಲ್ಲಿ ಬಿಟ್ಟರೆ ಮುಗಿಯಿತು. ಹಗ್ಗ ಕೆಳಗೆ, ದೋಣಿಯ ದಾರಿಯಲ್ಲಿ. ಗಂಟು ಬಿಚ್ಚುವ ಮಾತೇ ಇಲ್ಲ. ಇದು ತಿಳಿಯುವ ತನಕ ಕಟಕಟೆ ಏಕೆ ತುಂಡಾಗಿದೆ ಎಂದು ನನಗೆ ಹೊಳೆದಿರಲಿಲ್ಲ. ನಿಂತು, ಕೈಯಲ್ಲಿ ಇಲ್ಲದ ಹಗ್ಗವನ್ನು ಎರಡು ಸಲ ಜಾರಿಸಿ ನೋಡಿದೆ. ನಾಯಿಯ ಅಜ್ಜಿ ದೂರ ಹೋಗಿದ್ದರು, ಪುಣ್ಯ.

ಇದೇ ಲೆಕ್ಕವನ್ನು ಬೇರೆ ಕಡೆ ಬೇರೆ ರೀತಿ ಬಿಡಿಸಿದ್ದಾರೆ. ಉತ್ತರಕ್ಕೆ, 1831ರಲ್ಲಿ ತೆರೆದ ಮ್ಯಾಕಲ್ಸ್‌ಫೀಲ್ಡ್ ಕಾಲುವೆಯಲ್ಲಿ ಕುದುರೆ ದಾರಿ ಕೆಲವು ಕಡೆ ಒಂದು ದಡ ಬಿಟ್ಟು ಇನ್ನೊಂದಕ್ಕೆ ಹೋಗುತ್ತದೆ. ದಡ ಬದಲಿಸಲು ಕುದುರೆ ಸೇತುವೆ ಹತ್ತಲೇಬೇಕು, ಹಗ್ಗ ಬಿಚ್ಚಬಾರದು. ಅಲ್ಲಿನವರು ಕುದುರೆಯನ್ನು ಮೊದಲು ಸೇತುವೆಯ ಅಡಿಯಲ್ಲಿ ನಡೆಸಿ, ಆಮೇಲೆ ಸುರುಳಿ ಸುತ್ತಿದ ಇಳಿಜಾರಿನಲ್ಲಿ ಹಿಂದಕ್ಕೆ ತಿರುಗಿಸಿ ಮೇಲೆ ಹತ್ತಿಸಿ, ಆಚೆ ದಡಕ್ಕೆ ಇಳಿಸಿದರು. ಕಾಗದದ ಮೇಲೆ ಗೆರೆ ಎಳೆದು ನೋಡಿ, ಹಗ್ಗ ಎಲ್ಲೂ ಗಂಟಾಗುವುದಿಲ್ಲ. ಸ್ಥಳೀಯರು ಇವನ್ನು ಹಾವಿನ ಸೇತುವೆ ಎನ್ನುತ್ತಾರೆ. ಕಾಂಗಲ್‌ಟನ್ ಊರಿನ ಹತ್ತಿರ 76 ಮತ್ತು 77ನೆಯವು ಒಂದರ ಬೆನ್ನಿಗೆ ಒಂದು ಇವೆ. ಬೆಣಚುಗಲ್ಲಿನಂಥ ಗಟ್ಟಿ ಮರಳುಗಲ್ಲನ್ನು ಹಿಟ್ಟು ನಾದಿದ ಹಾಗೆ ಬಾಗಿಸಿದ್ದಾರೆ. ಗೋಡೆ ಒಂದೇ ಸಮನೆ ತಿರುಗುತ್ತ ನೆಲದೊಳಗೆ ಇಳಿದುಹೋಗುತ್ತದೆ. ಇಂಗ್ಲೆಂಡಿನ ಅತಿ ಚೆಲುವಾದ ಸೇತುವೆಗಳಲ್ಲಿ ಇವನ್ನು ಎಣಿಸುತ್ತಾರೆ, ನನಗೂ ಅದರಲ್ಲಿ ತಕರಾರಿಲ್ಲ. ಆದರೂ ನನ್ನ ಮನಸ್ಸು ಸೀಳು ಸೇತುವೆಯ ಕಡೆಗೇ. ಹಾವಿನ ಸೇತುವೆ ದುಡ್ಡಿದ್ದವರ ಜಾಣತನ. ಇದು ಕೈಯಲ್ಲಿ ಕಾಸಿಲ್ಲದವರ ಜಾಣತನ.

ಸ್ಟ್ರಾಟ್‌ಫರ್ಡ್ ಕಾಲುವೆಯ ಕಂಪನಿಗೆ ಕಾಸು ಎಂದೂ ಸಾಲಲಿಲ್ಲ. 1793ರಲ್ಲಿ ಪಾರ್ಲಿಮೆಂಟಿನ ಅಪ್ಪಣೆ ಸಿಕ್ಕಿತು. ಬರ್ಮಿಂಗ್‌ಹ್ಯಾಮಿನ ಅಂಚಿನ ಕಿಂಗ್ಸ್ ನಾರ್ಟನ್‌ನಿಂದ ಅಗೆಯಲು ಶುರುಮಾಡಿ ಕಿಂಗ್ಸ್‌ವುಡ್ ತಲುಪುವ ಹೊತ್ತಿಗೆ 1802. ಅರ್ಧ ದಾರಿ. ಅಲ್ಲಿಂದ ಮುಂದಕ್ಕೆ ಹತ್ತು ವರ್ಷ ಗುದ್ದಲಿ ಬೀಳಲಿಲ್ಲ. 1812ರಲ್ಲಿ ವಿಲಿಯಂ ವಿಟ್‌ಮೋರ್ ಎಂಬ ಎಂಜಿನಿಯರ್ ಕೈಯಲ್ಲಿ ದಕ್ಷಿಣದ ಭಾಗ ಶುರುವಾಗಿ 1816ರ ಬೇಸಿಗೆಯಲ್ಲಿ ಏವನ್ ನದಿ ಮುಟ್ಟಿತು. ಒಟ್ಟು 25 ಮೈಲಿ ಚಿಲ್ಲರೆ. ಈ ದಕ್ಷಿಣದ ಭಾಗದಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ ಮಿತವ್ಯಯದ ಗುರುತು. ಲಾಕ್ ಕಾಯುವವನ ಮನೆಗಳನ್ನೇ ನೋಡಿ: ಚಾವಣಿ ಇಳಿಜಾರಲ್ಲ, ಉರುಳಿಸಿದ ಪೀಪಾಯಿಯನ್ನು ಉದ್ದಕ್ಕೆ ಸೀಳಿ ಕವುಚಿದ ಹಾಗೆ ದುಂಡಗೆ. ಸೇತುವೆಯ ಕಮಾನಿಗೆಂದು ಮಾಡಿದ್ದ ಮರದ ಅಚ್ಚನ್ನೇ ತಂದು ಮನೆಗೂ ಮುಚ್ಚಿದರು, ಸೇತುವೆ ಕಟ್ಟುವವರಿಗೆ ಬೇರೆ ಚಾವಣಿ ಗೊತ್ತಿರಲಿಲ್ಲ ಎಂದು ಅಲ್ಲಿ ಹೇಳುತ್ತಾರೆ. ಕತೆಯೋ ನಿಜವೋ, ಮನೆ ನೋಡಿದರೆ ನಂಬಬೇಕೆನಿಸುತ್ತದೆ.

ಕಣಿವೆಯೊಂದನ್ನು ದಾಟುವ ಎಡ್‌ಸ್ಟೋನ್ ಮೇಲ್ಗಾಲುವೆಯದೂ ಇದೇ ಜಾಯಮಾನ. ಇಟ್ಟಿಗೆ ಕಂಬಗಳ ಮೇಲೆ 475 ಅಡಿ ಉದ್ದದ ಬೀಡಿನ ತೊಟ್ಟಿ. ಇಂಗ್ಲೆಂಡಿನಲ್ಲಿ ಇದಕ್ಕಿಂತ ಉದ್ದದ ಮೇಲ್ಗಾಲುವೆ ಇಲ್ಲ. ಅಡಿಯಲ್ಲಿ ರಸ್ತೆ, ರೈಲು, ಹೊಳೆ. ಬೇರೆ ಕಡೆಗಳಲ್ಲಿ ಕುದುರೆ ದಾರಿ ನೀರಿನ ಮಟ್ಟಕ್ಕೆ ಇದ್ದರೆ ಇಲ್ಲಿ ತೊಟ್ಟಿಯ ತಳದ ಮಟ್ಟಕ್ಕೆ. ನಡೆದು ಹೋಗುವವನ ಸೊಂಟದ ಮೇಲೆ ನೀರು, ಭುಜದ ಪಕ್ಕದಲ್ಲಿ ದೋಣಿ ತೇಲಿಕೊಂಡು ಹೋಗುತ್ತದೆ. ಒಂದು ಬಾತುಕೋಳಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿತು. ಅಂಥ ಅನುಭವ ಅದೇ ಮೊದಲು.

ಹಗ್ಗ ಸೇತುವೆಗೆ ಏನು ಮಾಡಬಲ್ಲದು ಎಂದು ತಿಳಿಯಬೇಕಾದರೆ ಇಟ್ಟಿಗೆ ಕಮಾನಿನ ಹಳೆಯ ಸೇತುವೆಗಳ ಮೂಲೆ ನೋಡಬೇಕು. ಕುದುರೆ ದಾರಿಯನ್ನು ಅಡಿಯಲ್ಲೇ ತೆಗೆದುಕೊಂಡು ಹೋದ ಕಡೆಗಳಲ್ಲಿ ಹಗ್ಗ ಕಮಾನಿನ ಅಂಚಿಗೆ ಉಜ್ಜಿಕೊಂಡೇ ಹೋಗುತ್ತಿತ್ತು. ಇಟ್ಟಿಗೆ ಸವೆಯದಿರಲೆಂದು ಆ ಅಂಚಿಗೆ ಕಬ್ಬಿಣದ ಪಟ್ಟಿ ಹೊಡೆದರು. ಹತ್ತಿಯ ಹಗ್ಗ ಕಬ್ಬಿಣವನ್ನು ಏನು ಮಾಡೀತು? ಆದರೆ ಅದು ಬರೀ ಹತ್ತಿಯಲ್ಲ. ನೆಲಕ್ಕೆ ತಾಗಿ, ನೀರಿನಲ್ಲಿ ನೆನೆದು, ಎಳೆಎಳೆಯಲ್ಲೂ ಮರಳು ಕಚ್ಚಿಕೊಂಡ ಹಗ್ಗ. ನಮ್ಮ ಹಳೆಯ ಸೇದುಬಾವಿಗಳ ಕಟ್ಟೆಗಲ್ಲಿನಲ್ಲಿ ಹಗ್ಗದ ಗೆರೆಗಳಿರುತ್ತವಲ್ಲ, ಬೆರಳಿಟ್ಟರೆ ತಣ್ಣಗೆ, ನುಣ್ಣಗೆ ಕೂರುವಂಥವು, ಅದೇ ಗೆರೆಗಳು ಇಲ್ಲಿ ಕಬ್ಬಿಣದ ಮೇಲೆ. ಒಂದಲ್ಲ, ಏಳೆಂಟು, ಒಂದರ ಮೇಲೊಂದು, ಒಂದೊಂದು ಒಂದೊಂದು ಓರೆಯಲ್ಲಿ. ಒಂದು ಕಡೆ ಗೆರೆ ಎಷ್ಟು ಆಳವಾಗಿತ್ತೆಂದರೆ ಬೆರಳಿನ ಅರ್ಧ ಒಳಗೆ ಕೂತಿತು. ಬಾವಿಕಟ್ಟೆಯ ಗೆರೆಗಳಲ್ಲಿ ಕೇರಿಯ ಹೆಂಗಸರೆಲ್ಲರ ತೋಳಿದ್ದರೆ ಇದರಲ್ಲಿ ಹೆಸರಿಲ್ಲದ ಕುದುರೆಗಳ ಹೆಗಲಿದೆ. ನನಗೆ ಶೇಕ್ಸ್‌ಪಿಯರನ ಮನೆಯ ಮಂಚಕ್ಕಿಂತ ಇದು ಹೆಚ್ಚು ಹಿಡಿಸಿತು.

ಸೇತುವೆಗಳು ಕಾಲುವೆಯನ್ನು ಬಹುತೇಕ ಕೊಂದ ಕತೆಯೂ ಇದೆ. 1856ರಲ್ಲಿ ಈ ಕಾಲುವೆಯನ್ನು ರೈಲ್ವೆ ಕಂಪನಿಯೊಂದು ಕೊಂಡಿತು. ಕೆಲವೇ ವರ್ಷಗಳಲ್ಲಿ ಅದು ಗ್ರೇಟ್ ವೆಸ್ಟರ್ನ್ ರೈಲ್ವೆಯ ಹೊಟ್ಟೆಗೆ ಸೇರಿತು. ಎದುರಾಳಿಯನ್ನು ಕೊಂಡವನು ಅವನಿಗೆ ಹೊಟ್ಟೆ ತುಂಬ ಹಾಕುತ್ತಾನೆಯೇ? ಹೂಳು ತೆಗೆಯುವುದು ನಿಂತಿತು, ದೋಣಿಗಳು ವಿರಳವಾದವು. ಎರಡನೆಯ ಮಹಾಯುದ್ಧದ ಹೊತ್ತಿಗೆ ಕಿಂಗ್ಸ್ ನಾರ್ಟನ್ ಬಳಿ ಲಿಫರ್ಡ್ ಲೇನ್ ಎಂಬಲ್ಲಿ ಇದ್ದ ಎತ್ತುಸೇತುವೆ ಕೆಟ್ಟಿತು. ಅದರ ಜಾಗದಲ್ಲಿ ಕಂಪನಿಯವರು ಕಬ್ಬಿಣದ ತೊಲೆಗಳನ್ನು ನೀರಿಗೆ ತಾಗುವಷ್ಟು ಕೆಳಗೆ ಹೊದೆಸಿ ಕೈತೊಳೆದುಕೊಂಡರು. ಎತ್ತುವ ಹಾಗಿಲ್ಲ, ತಿರುಗಿಸುವ ಹಾಗಿಲ್ಲ. ಕಾಲುವೆ ಕಾನೂನಿನ ಪ್ರಕಾರ ತೆರೆದೇ ಇದೆ, ದೋಣಿ ಮಾತ್ರ ಹೋಗುವಂತಿಲ್ಲ.

ಆ ಹೊತ್ತಿಗೆ ಎಲ್.ಟಿ.ಸಿ. ರೋಲ್ಟ್ ಎಂಬ ಎಂಜಿನಿಯರ್ ‘ಕ್ರೆಸಿ’ ಎಂಬ ಹಳೆಯ ಮರದ ದೋಣಿಯನ್ನೇ ಮನೆ ಮಾಡಿಕೊಂಡಿದ್ದ. ಅದರಲ್ಲಿ ಅಲೆದದ್ದನ್ನು ಬರೆದ ‘ನ್ಯಾರೋ ಬೋಟ್’ 1944ರಲ್ಲಿ ಅಚ್ಚಾಗಿ, ಯುದ್ಧದಿಂದ ಬೇಸತ್ತ ಜನಕ್ಕೆ ಮರೆತೇಹೋಗಿದ್ದ ನೀರಿನ ದಾರಿಗಳನ್ನು ನೆನಪಿಸಿತ್ತು. 1946ರಲ್ಲಿ ಅವನೂ ದೆವ್ವದ ಕತೆಗಳಿಗೆ ಹೆಸರಾದ ರಾಬರ್ಟ್ ಏಕ್‌ಮನ್‌ನೂ ಸೇರಿ ಒಳನಾಡು ಜಲಮಾರ್ಗಗಳ ಸಂಘ ಕಟ್ಟಿದರು. (ಐದು ವರ್ಷದಲ್ಲಿ ಇಬ್ಬರೂ ಜಗಳವಾಡಿ ಬೇರೆಯಾದರು, ಸಂಘ ಕಟ್ಟಿದವರು ಮಾಡುವ ಕೆಲಸವೇ ಅದು.) ಸಂಘಕ್ಕೆ ಮೊದಲ ಗುರಿಯಾಗಿ ಕಂಡದ್ದು ಲಿಫರ್ಡ್ ಲೇನಿನ ಈ ತೊಲೆಗಳು. ಲಾರ್ಡ್ ಮೆಥುಎನ್ ಮೇಲ್ಮನೆಯಲ್ಲಿ ಪ್ರಶ್ನೆ ಕೇಳಿದರು. ದೋಣಿ ಬರುವ ಮುನ್ನ ತಿಳಿಸಿದರೆ ಸೇತುವೆಯನ್ನು ಎತ್ತಿಕೊಡಲಾಗುವುದು ಎಂದು ಉತ್ತರ ಬಂತು. ಯಾವ ದೋಣಿ ಬರುತ್ತದೆ ಎಂಬ ಧೈರ್ಯದಲ್ಲಿ ಕೊಟ್ಟ ಉತ್ತರ.

ರೋಲ್ಟ್ ಕಾಗದ ಬರೆದ: ನಾನು ಬರುತ್ತಿದ್ದೇನೆ.

1947ರ ಮೇ ತಿಂಗಳಲ್ಲಿ ಕ್ರೆಸಿ ಲಿಫರ್ಡ್ ಲೇನ್ ತಲುಪಿದಾಗ ರೈಲ್ವೆಯ ಕೂಲಿಗಳ ತಂಡವೊಂದು ಜಾಕ್ ಹಿಡಿದು ಕಾದಿತ್ತು, ಪತ್ರಿಕೆಯವರೂ ಬಂದಿದ್ದರು. ಕೊಟ್ಟ ಮಾತು, ಏನು ಮಾಡುವುದು? ಸೇತುವೆಯನ್ನು ಇಂಚಿಂಚಾಗಿ ಜಾಕ್ ಹಾಕಿ ಎತ್ತಿದರು. ಹೂಳು ತುಂಬಿದ ಕಾಲುವೆಯಲ್ಲಿ ಕ್ರೆಸಿ ತಳ ಉಜ್ಜಿಕೊಂಡು, ನೆತ್ತಿ ಉಜ್ಜಿಕೊಂಡು ಆಚೆ ದಾಟಿತು. ಒಂದು ಹಳೆ ದೋಣಿಗಾಗಿ ಸೇತುವೆಯನ್ನೇ ಕೀಳುವ ಚಿತ್ರ ಪತ್ರಿಕೆಗಳಿಗೆ ಹಬ್ಬ. ಆಮೇಲೆ ಬೇರೆಯವರೂ ಕಾಗದ ಬರೆಯತೊಡಗಿದರು. ಒಬ್ಬೊಬ್ಬರು ಬಂದಾಗಲೂ ಜಾಕ್, ಕೂಲಿ, ನಿಂತ ರಸ್ತೆ. ಕೊನೆಗೆ 1950ರಲ್ಲಿ ಅಲ್ಲಿ ತಿರುಗುವ ಸೇತುವೆ ಬಂತು. ಹರತಾಳವಿಲ್ಲ, ಘೋಷಣೆಯಿಲ್ಲ, ಎದುರಿನವನ ಮಾತನ್ನು ಅಕ್ಷರಶಃ ನಂಬಿ ನಡೆದದ್ದೇ ಚಳವಳಿ. ಇಂಥ ತಣ್ಣನೆಯ ಹಟ ನಮ್ಮಲ್ಲಿ ಆರ್‌ಟಿಐ ಅರ್ಜಿ ಹಾಕುವ ಹಿರಿಯರಲ್ಲಿ ಮಾತ್ರ ನೋಡಿದ್ದೇನೆ.

ಉತ್ತರದ ಭಾಗ ಹೀಗೆ ಉಳಿಯಿತು. ದಕ್ಷಿಣದ್ದು, ಸೀಳು ಸೇತುವೆಗಳ ಭಾಗ, ಅಷ್ಟರಲ್ಲಿ ಜೊಂಡು ಬೆಳೆದು ಹೊಂಡವಾಗಿತ್ತು. ಅಲ್ಲಿಯೂ ಕಂಟಕ ಬಂದದ್ದು ಸೇತುವೆಯಿಂದಲೇ. 1958ರಲ್ಲಿ ವಿಲ್ಮ್‌ಕೋಟ್ ಹಳ್ಳಿಯ ಬಳಿ ರಸ್ತೆಯ ಸೇತುವೆಯೊಂದನ್ನು ಹೊಸದಾಗಿ ಕಟ್ಟಬೇಕಾಯಿತು. ದೋಣಿ ಹೋಗುವಷ್ಟು ಎತ್ತರಕ್ಕೆ ಕಟ್ಟಲು ಖರ್ಚು ಹೆಚ್ಚು. ಕಾಲುವೆಯೇ ಇಲ್ಲ ಎಂದಾದರೆ ಮಣ್ಣು ತುಂಬಿ ರಸ್ತೆ ಎಳೆದುಬಿಡಬಹುದು. ಜಿಲ್ಲಾಡಳಿತ ಕಾಲುವೆಯನ್ನು ಮುಚ್ಚಲು ಅರ್ಜಿ ಹಾಕಿತು. ಕಾನೂನಿನ ಶರತ್ತು ಒಂದೇ: ಮೂರು ವರ್ಷದಿಂದ ಯಾವ ದೋಣಿಯೂ ಓಡಿರಬಾರದು. ಓಡುವುದೆಲ್ಲಿ ಬಂತು, ನೀರೇ ಅಷ್ಟಕ್ಕಷ್ಟೆ.

ಆಗ ಹೊರಬಿತ್ತು ಒಂದು ಚೀಟಿ. ಇಬ್ಬರು ಪುಟ್ಟ ಕೆನೂ ದೋಣಿಯಲ್ಲಿ ಆ ಜೊಂಡಿನ ನಡುವೆ ಹುಟ್ಟುಹಾಕುತ್ತ ಹೋಗಿದ್ದರು, ಹೋಗುವ ಮುನ್ನ ಕಾಲುವೆಯ ಸುಂಕ ಕಟ್ಟಿದ್ದರು. ಸುಂಕದ ಚೀಟಿಯ ಮೇಲೆ ತಾರೀಖು ಇತ್ತು. ಮೂರು ವರ್ಷದ ಒಳಗಿನದು. ಕೆನೂ ಆದರೇನು, ದೋಣಿ ದೋಣಿಯೇ. ಅರ್ಜಿ ಬಿದ್ದುಹೋಯಿತು. ಬಸ್ಸಿನ ಟಿಕೆಟ್ಟನ್ನು ಇಳಿದ ಕೂಡಲೇ ಉಂಡೆ ಮಾಡಿ ಎಸೆಯುವ ನನಗೆ ಆ ಪುಣ್ಯಾತ್ಮರು ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡದ್ದೇ ದೊಡ್ಡ ಪವಾಡವಾಗಿ ಕಾಣುತ್ತದೆ.

ಮುಚ್ಚಬಾರದು ಎಂದಾಯಿತು, ತೆರೆಯುವವರು ಯಾರು? 1960ರ ಸುಮಾರಿಗೆ ಹಳೆಯ ಬಂಗಲೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಕಾಲುವೆಯನ್ನು ವಹಿಸಿಕೊಂಡಿತು. ಕೆಲಸದ ಮುಂದಾಳು ಡೇವಿಡ್ ಹಚಿಂಗ್ಸ್, ಕಾವೆಂಟ್ರಿಯ ಕಡೆಯ ಆರ್ಕಿಟೆಕ್ಟ್. ಸುಮಾರು 13 ಮೈಲಿ ಹೂಳು, ಮೂವತ್ತಾರು ಲಾಕ್‌ಗಳ ಕೊಳೆತ ಕದಗಳು. ಹಚಿಂಗ್ಸ್ ಜನ ಕೂಡಿಸಿದ ಬಗೆ ವಿಚಿತ್ರವಾದುದು: ವಾರಾಂತ್ಯಕ್ಕೆ ಬರುವ ಸ್ವಯಂಸೇವಕರು, ಸೇನೆಯ ಸಿಪಾಯಿಗಳು, ಬರ್ಮಿಂಗ್‌ಹ್ಯಾಮಿನ ವಿನ್ಸನ್ ಗ್ರೀನ್ ಜೈಲಿನ ಕೈದಿಗಳು. ಎಲ್ಲರೂ ಒಂದೇ ಕೆಸರಿನಲ್ಲಿ. 1964ರ ಜುಲೈ 11ರಂದು, ಶೇಕ್ಸ್‌ಪಿಯರ್ ಹುಟ್ಟಿ ನಾನೂರು ವರ್ಷ ತುಂಬಿದ ವರ್ಷದಲ್ಲಿ, ರಾಜಮಾತೆ ಎಲಿಜಬೆತ್ ಬಂದು ಕಾಲುವೆಯನ್ನು ಮತ್ತೆ ತೆರೆದರು. ಮುಳುಗಿಹೋದ ಕಾಲುವೆಯನ್ನು ಊರವರೇ ಎತ್ತಬಹುದು ಎಂಬುದು ಇಲ್ಲಿ ಗೊತ್ತಾದ ಮೇಲೆ ದೇಶದ ಬೇರೆ ಬೇರೆ ಕಡೆ ಗುದ್ದಲಿ ಹಿಡಿದವರು ಎಷ್ಟೋ ಮಂದಿ. ಇಂದು ಈ ದಾರಿಯನ್ನು ನೋಡಿಕೊಳ್ಳುವುದು 2012ರಲ್ಲಿ ಹುಟ್ಟಿದ ಕೆನಾಲ್ ಅಂಡ್ ರಿವರ್ ಟ್ರಸ್ಟ್. ಅದರ ಸುಮಾರು ಎರಡು ಸಾವಿರ ಮೈಲಿ ನೀರಿನ ಮೇಲೆ ಮೂವತ್ತು ಸಾವಿರಕ್ಕೂ ಮೀರಿ ದೋಣಿಗಳಿವೆ. ಕಲ್ಲಿದ್ದಲು ಹೊರುವವು ಬೆರಳೆಣಿಕೆಯಷ್ಟು. ಉಳಿದವೆಲ್ಲ ರಜೆ ಕಳೆಯುವವರವು, ಮನೆಬಾಡಿಗೆ ಕಟ್ಟಲಾರದೆ ನೀರಿಗಿಳಿದವರವು.

ಕುದುರೆ ಹೋಗಿ ಡೀಸೆಲ್ ಎಂಜಿನ್ ಬಂದು ಎಷ್ಟೋ ಕಾಲವಾಯಿತು. ಹಗ್ಗವಿಲ್ಲದ ಮೇಲೆ ಸೀಳು ಯಾಕೆ? ಎರಡು ಅರ್ಧಗಳ ನಡುವೆ ಒಂದು ಪಟ್ಟಿ ಬೆಸೆದರೆ ಸೇತುವೆ ಇನ್ನೂ ಗಟ್ಟಿ. ಆದರೆ ಇಂಥ ಸೇತುವೆಗಳು ಹಲವು ಈಗ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿವೆ. ರಿಪೇರಿ ಮಾಡುವವರು ಆ ಒಂದಿಂಚನ್ನು ಹಾಗೆಯೇ ಬಿಡಬೇಕು.

ನಾನು ಆ ದಿನ ಕಿಂಗ್ಸ್‌ವುಡ್‌ನಿಂದ ದಕ್ಷಿಣಕ್ಕೆ ಲೋಸನ್‌ಫರ್ಡ್ ಹಳ್ಳಿಯ ತನಕ ನಡೆದೆ. ದಾರಿಯಲ್ಲಿ ಎಂ40 ಹೆದ್ದಾರಿ ತಲೆಯ ಮೇಲೆ ಹಾದುಹೋಗುತ್ತದೆ. ಆರು ಸಾಲು ವಾಹನಗಳ ಆ ಕಾಂಕ್ರೀಟ್ ಸೇತುವೆಯ ಅಡಿಯಲ್ಲಿ ನಿಂತರೆ ಮಾತು ಕೇಳಿಸುವುದಿಲ್ಲ. ನೂರು ಹೆಜ್ಜೆ ಮುಂದೆ ಬಂದರೆ ಮತ್ತೆ ಮೌನ, ಮತ್ತೆ ಇಟ್ಟಿಗೆ, ಮತ್ತೊಂದು ಸೀಳು. ಮಧ್ಯಾಹ್ನ ಸರಿದು ಮೋಡ ಬಿರಿದು ಬಿಸಿಲು ಬಂದಿತ್ತು. ಲಾಕ್ ಒಂದರ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚುವಾಗ ಮೇಲಿನಿಂದ ಹಸಿರು ಬಣ್ಣದ ದೋಣಿ ಬಂತು. ಗಂಡ ಹಿಂದೆ ಚುಕ್ಕಾಣಿಯಲ್ಲಿ. ಹೆಂಡತಿ ದಡಕ್ಕೆ ಹಾರಿ ಕಬ್ಬಿಣದ ಹಿಡಿಯಿಂದ ಕರಕರ ತೂಬು ಎತ್ತಿದರು. ನೀರು ಇಳಿಯಿತು. ಬೆನ್ನು ಕೊಟ್ಟು ಕದ ನೂಕಿದರು, ಒಂದು ಬದಿ ನಾನೂ ಕೈಹಾಕಿದೆ. ದೋಣಿ ತಡವರಿಸಿ ಹೊರಟು ಸೇತುವೆಯ ಅಡಿಗೆ ನುಗ್ಗಿತು. ಎರಡೂ ಪಕ್ಕಕ್ಕೆ ಅಂಗೈ ತೂರುವಷ್ಟು ಜಾಗವಷ್ಟೆ.

ಸೀಳಿನಿಂದ ಇಳಿದ ಬಿಸಿಲು ಒಂದು ಗೆರೆಯಾಗಿ ದೋಣಿಯ ಚಾವಣಿಯ ಮೇಲೆ ಬಿತ್ತು. ಗೆರೆ ನಿಂತಲ್ಲೇ ಇತ್ತು, ದೋಣಿ ಅದರಡಿಯಲ್ಲಿ ಸರಿಯುತ್ತಿತ್ತು: ಸುರುಳಿ ಸುತ್ತಿಟ್ಟ ಹಗ್ಗ, ಜೆರೇನಿಯಂ ಹೂವಿನ ಕುಂಡ, ಮಲಗಿಸಿದ ಸೈಕಲ್ಲು, ಇದ್ದಿಲಿನ ಎರಡು ಚೀಲ, ಹೊಗೆ ಕೊಳವೆ. ಕೊನೆಗೆ ಚುಕ್ಕಾಣಿ ಹಿಡಿದವನ ಟೋಪಿ. ಅವನು ತಲೆ ತಗ್ಗಿಸಿದ. ಹೆಂಗಸು ಸೇತುವೆಯ ಮೇಲೆ ಓಡಿಬಂದು, ಸೀಳು ದಾಟಿ, ಆಚೆ ದಡದಿಂದ ದೋಣಿಗೆ ಹಾರಿಕೊಂಡರು.